ಒರೆಸದ ಇಲಿ

ನವೆಂಬರ್ ೧೪, ಸೋಮವಾರ

ಬೆಳಗಿನ ಹಿಂಡುವ ಕೆಲಸ ಮುಗಿಯಿತು. ಕೈಯೆಲ್ಲ ಅದೇ ವಾಸನೆ. ದಾರಿಯಲ್ಲಿ ಪೆಟ್ರೋಲ್ ಹಾಕಿಕೊಳ್ಳುವಾಗ ಹೈಸ್ಕೂಲಿನ ಗೆಳತಿ ಸಿಕ್ಕಿದ್ದಳು. ಈಗೇನು ಕೆಲಸ ಎಂದಳು. ಲ್ಯಾಬಿನಲ್ಲಿ ಇಲಿಗಳ ಉಚ್ಚೆ ಹಿಂಡುತ್ತೇನೆ ಎಂದೆ. ನಗು ಅಲ್ಲೇ ನಿಂತಿತು, ಪಾಪ. ಬೆನ್ನುಹುರಿಗೆ ಪೆಟ್ಟಾದ ಇಲಿಗೆ ಅದು ತಾನಾಗಿ ಬರುವುದಿಲ್ಲ, ಹೊಟ್ಟೆಯ ಕೆಳಗೆ ಬೆರಳಿಟ್ಟು ಮೆಲ್ಲಗೆ ಒತ್ತಬೇಕು, ಇಲ್ಲದಿದ್ದರೆ ಸತ್ತೇಹೋಗುತ್ತದೆ ಎಂದು ವಿವರಿಸುವಷ್ಟರಲ್ಲಿ ಕಾರು ಹತ್ತಿಬಿಟ್ಟಳು. ಇನ್ನು ಯಾರಾದರೂ ಕೇಳಿದರೆ ಆಸ್ಪತ್ರೆಯಲ್ಲಿದ್ದೇನೆ ಎನ್ನಬೇಕು.

ಮಧ್ಯಾಹ್ನ ತೊಟ್ಟಿ. ಮಕ್ಕಳ ಪ್ಲಾಸ್ಟಿಕ್ ಈಜುತೊಟ್ಟಿ, ನೀರಿಲ್ಲದ್ದು. ಆ ಕಡೆ ನನ್ನ ಜೊತೆ ಅಂಕ ಹಾಕುವ ಬೆರ್ನೀಸ್, ಮೊಣಕಾಲಿನ ಕೆಳಗೆ ಅವಳ ದಿಂಬು. ಈ ಕಡೆ ನಾನು. ನಡುವೆ ಒಂದು ಇಲಿ, ನಾಲ್ಕು ನಿಮಿಷ. ಹಿಂಗಾಲಿನ ಯಾವ ಕೀಲು ಆಡಿತು, ಅಂಗಾಲು ಊರಿತೇ, ಮೈಭಾರ ಹೊತ್ತಿತೇ. ಸೊನ್ನೆಯಿಂದ ಇಪ್ಪತ್ತೊಂದರವರೆಗೆ ಅಂಕ. ಇಪ್ಪತ್ತೊಂದೆಂದರೆ ಪೆಟ್ಟೇ ಬೀಳದ ಇಲಿ. ಯಾವುದಕ್ಕೆ ಮದ್ದು, ಯಾವುದಕ್ಕೆ ಬರೀ ಉಪ್ಪುನೀರು ಚುಚ್ಚಿದ್ದಾರೆ ಎಂದು ನಮಗೆ ಹೇಳುವುದಿಲ್ಲ. ಹೇಳಿದರೆ ಕಣ್ಣು ಪಕ್ಷಪಾತ ಮಾಡುತ್ತದೆ. ಹಾಗಾಗಿ ಇಲ್ಲಿ ನಾವು ಕುರುಡರು. ಕುರುಡರಿಗೆ ನೋಡುವುದೇ ಕೆಲಸ.

ಹಸಿರು ಏಳು, ಅಂದರೆ ಹಸಿರು ಗುರುತಿನ ಏಳನೇ ಇಲಿ, ಇವತ್ತು ಅಂಗಾಲು ಊರಿ ಎದ್ದಿತು. ಇಬ್ಬರೂ ಒಂಬತ್ತು ಬರೆದೆವು. ಬೆರ್ನೀಸ್ ಮುಖ ಕಲ್ಲು. ನನ್ನದೂ. ತೊಟ್ಟಿಯ ಬಳಿ ಹಲ್ಲು ಬಿಡಬಾರದು, ಅವಳೇ ಕಲಿಸಿದ ಪಾಠ. ಲಿಫ್ಟಿನಲ್ಲಿ ಮಾತ್ರ ಮೊಣಕೈಯಿಂದ ತಿವಿದಳು.

ನವೆಂಬರ್ ೧೭, ಗುರುವಾರ

ಚಳಿ ಶುರು. ಕೆಲವು ಇಲಿಗಳು ಹಿಂಡಿದ ಮೇಲೂ ಒಸರುತ್ತಲೇ ಇರುತ್ತವೆ. ಹೋದ ವರ್ಷದ ತಂಡದಲ್ಲೂ ಹೀಗೇ ಇತ್ತು. ಹಿಂಭಾಗ ಒದ್ದೆ, ಚರ್ಮ ಕೆಂಪು, ನಡುಕ. ನೋಡಲಾಗುವುದಿಲ್ಲ. ತೊಟ್ಟಿಗೆ ಬಿಡುವ ಮುಂಚೆ ಡಬ್ಬಿಯಿಂದ ವೈಪ್ಸ್, ಆ ನೆನೆಸಿಟ್ಟ ಕಾಗದ, ತೆಗೆದು ಒರೆಸುತ್ತೇನೆ, ಬಾಲದ ಬುಡದವರೆಗೂ. ಬೆರ್ನೀಸ್ ಆಗ ತಲೆ ತಗ್ಗಿಸಿ ಮುಂದಿನ ಹಾಳೆ ಜೋಡಿಸುತ್ತಿರುತ್ತಾಳೆ.

ವೆಂಡೆಲ್ ಫೋನು. ಕ್ಲಿನಿಕ್ಕಿನವರು ಅವನ ಹೆಸರು ತೆಗೆದುಕೊಂಡಿದ್ದಾರಂತೆ. ದನಿ ಚಿಕ್ಕ ಹುಡುಗನದಾಗಿತ್ತು.

ನನ್ನ ತಮ್ಮ. ಮೂರು ವರ್ಷದ ಹಿಂದೆ ಇದೇ ಜಿಂಕೆ ಬೇಟೆಯ ದಿನಗಳಲ್ಲಿ ಮರಕ್ಕೆ ಕಟ್ಟಿದ ಅಟ್ಟಣಿಗೆಯಿಂದ ಬಿದ್ದ. ಸೊಂಟಕ್ಕೆ ಪಟ್ಟಿ ಬಿಗಿದಿರಲಿಲ್ಲ. ಕುತ್ತಿಗೆಯ ಬುಡದಲ್ಲಿ ಮೂಳೆ ಮುರಿಯಿತು. ಕಾಲು ಹೋಯಿತು, ಕೈ ಮುಕ್ಕಾಲು ಉಳಿಯಿತು. ಆ ಮುಕ್ಕಾಲಿನಲ್ಲಿ ವ್ಯಾನ್ ಓಡಿಸುತ್ತಾನೆ, ಇಸ್ಪೀಟು ಕಲಸುತ್ತಾನೆ, ನನ್ನನ್ನು ಸೋಲಿಸುತ್ತಾನೆ. ಈಗ ನಮ್ಮ ಮದ್ದನ್ನೇ ಮನುಷ್ಯರಿಗೆ ಕೊಟ್ಟುನೋಡಲು ನದಿಯಾಚೆ ಕೆಂಟಕಿಯ ಕ್ಲಿನಿಕ್ಕು ಸಿದ್ಧವಾಗಿದೆ. ಹೋದ ವರ್ಷದ ನಮ್ಮ ಇಲಿಗಳ ಅಂಕ ನೋಡಿಯೇ ಅನುಮತಿ ಸಿಕ್ಕಿದ್ದು. ಪೆಟ್ಟಾದ ಜಾಗದ ಸ್ವಲ್ಪ ಮೇಲೆ, ಬೆನ್ನುಹುರಿಯೊಳಕ್ಕೆ ಸೂಜಿ. ಹೆಚ್ಚುಕಮ್ಮಿಯಾದರೆ ಉಳಿದ ಕೈಯೂ ಹೋಗಬಹುದು. ಅದನ್ನು ಓದಿ ಹೇಳಿ ಸಹಿ ಹಾಕಿಸಿಕೊಳ್ಳುತ್ತಾರಂತೆ. ಅವನಿನ್ನೂ ಹಾಕಿಲ್ಲ.

ನವೆಂಬರ್ ೨೪, ಥ್ಯಾಂಕ್ಸ್‌ಗಿವಿಂಗ್

ರಜೆಯಾದರೂ ಬೆಳಿಗ್ಗೆ ಹಿಂಡಿಯೇ ವೆಂಡೆಲ್ ಮನೆಗೆ ಹೋದೆ. ಟರ್ಕಿ ಕೋಳಿ ಒಣಕಲಾಗಿತ್ತು, ಹೇಳಲಿಲ್ಲ. ಊಟ ಆದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ. ಗಾಲಿಕುರ್ಚಿ ಹಿಂದೆ ಬಂದು ನಿಂತಿತು.

ಲ್ಯಾಬಿನ ವಿಷಯ ಹೊರಗೆ ಮಾತಾಡುವುದಿಲ್ಲ ಎಂದು ನಾನು ಕೆಲಸಕ್ಕೆ ಸೇರುವಾಗಲೇ ಬರೆದುಕೊಟ್ಟದ್ದು ಅವನಿಗೆ ಗೊತ್ತು. ಒಂದೇ ಪ್ರಶ್ನೆ ಎಂದ.

"ನೀನು ದಿನಾ ನೋಡ್ತೀಯ ಜೋ. ನಡೀತಾವಾ?"

ನಲ್ಲಿ ನಿಲ್ಲಿಸಿದೆ. ಹಸಿರು ಏಳು ಕಣ್ಣ ಮುಂದೆ ಬಂತು. ತಲೆಯಾಡಿಸಿದೆ. ಒಂದೇ ಸಲ, ಹೌದೆಂದು.

ಅಷ್ಟೇ. ಅವನು ನನ್ನ ಮೊಣಕೈ ಹಿಡಿದು ಸುಮಾರು ಹೊತ್ತು ಹಾಗೇ ಇದ್ದ. ಮಾತಾಡಿದ್ದರೆ ತಪ್ಪಾಗುತ್ತಿತ್ತು. ಆಡಲಿಲ್ಲವಲ್ಲ... ನನಗೆ ನಾನೇ ವಕೀಲೆ.

ಡಿಸೆಂಬರ್ ೨೫, ಭಾನುವಾರ

ವೆಂಡೆಲ್ ಸಹಿ ಹಾಕಿದನಂತೆ. ಫೆಬ್ರವರಿ ಹದಿನಾರಕ್ಕೆ ಆಪರೇಷನ್.

ಉಡುಗೊರೆಗೆ ಬೂಟು ಕೇಳಿದ್ದ. ಬೇಟೆಯ ಬೂಟು, ಒಳಗೆ ಉಣ್ಣೆ ಇರುವಂಥದ್ದು. ಅವನು ಬಿದ್ದ ಮೇಲೆ ನಾವ್ಯಾರೂ ಅವನಿಗೆ ಬೂಟು ಕೊಟ್ಟಿರಲಿಲ್ಲ. ಅಂಗಡಿಯವನು, ಹಾಕಿ ನೋಡಿ ಎರಡು ಹೆಜ್ಜೆ ನಡೆದರೆ ಅಳತೆ ಗೊತ್ತಾಗುತ್ತದೆ ಎಂದ. ನಡೆಯುವವನು ಮನೆಯಲ್ಲಿದ್ದಾನೆ ಎಂದು ಹೇಳಿ ತಂದೆ. ಪಾದ ಒಳಗೆ ತೂರಿಸಿ ಲೇಸು ಕಟ್ಟುವಷ್ಟರಲ್ಲಿ ನನಗೆ ಬೆವರು, ಅವನಿಗೆ ನಗು. ದಿನವೆಲ್ಲ ಬಿಚ್ಚಲಿಲ್ಲ.

ಖುಷಿಯಾಗಿದ್ದೇನೆ. ಹೆದರಿಕೆಯೂ ಇದೆ.

ಜನವರಿ ೨೫, ಬುಧವಾರ

ಹಿಮ. ಸ್ಕೂಲುಗಳೆಲ್ಲ ಬಂದ್. ಇಲಿಗಳಿಗೆ ಬಂದ್ ಇಲ್ಲ. ಬೆರ್ನೀಸ್ ಗಮ್ ಬೂಟಿನಲ್ಲಿ ಬಂದಳು, ಬೈಯುತ್ತ. ಸರಕಿನ ಲಾರಿ ಬಂದಿಲ್ಲ. ವೈಪ್ಸ್ ಖಾಲಿ. ಒಣ ಟವೆಲಿನಲ್ಲಿ ಇಲಿಗಳ ಹೊಟ್ಟೆ ಮಾತ್ರ ಒತ್ತಿ ತೊಟ್ಟಿಗೆ ಬಿಟ್ಟೆ.

ಹಸಿರು ಏಳು ಹಿಂಗಾಲನ್ನು ಎಳೆದುಕೊಂಡೇ ಹೋಯಿತು. ನಾಲ್ಕು ನಿಮಿಷವೂ. ಹೋದ ವಾರ ಹನ್ನೊಂದು ಬರೆದಿದ್ದೆವು. ಇವತ್ತು ನಾನು ಮೂರು, ಅವಳು ಎರಡು. ಸುಸ್ತಾಗಿರಬೇಕು, ಚಳಿಗೆ ನನ್ನ ಮಂಡಿಯೂ ಹೀಗೇ ಎಂದಳು ಬೆರ್ನೀಸ್. ಇರಬಹುದು. ಇನ್ನೂ ಮೂರು ಹಾಗೇ ಮಾಡಿದವು. ಚಳಿಯೇ ಇರಬೇಕು.

ಜನವರಿ ೨೭, ಶುಕ್ರವಾರ

ಲಾರಿ ಬಂತು. ಮತ್ತೆ ಅಂಕ ತೆಗೆದೆವು. ಹಸಿರು ಏಳು ಹನ್ನೊಂದು. ಸದ್ಯ, ಬದುಕಿದೆ ಅನ್ನಿಸಿತು. ಚಳಿಯದ್ದೇ ಎಂದು ಬೆರ್ನೀಸ್, ಹೇಳಿರಲಿಲ್ಲವಾ ಎಂಬಂತೆ.

ಫೆಬ್ರವರಿ ೧೨, ಭಾನುವಾರ

ವೆಂಡೆಲ್ ಮನೆಯಲ್ಲಿ ಟಿವಿ ಮುಂದೆ ಸೂಪರ್ ಬೋಲ್, ಫುಟ್‌ಬಾಲ್ ಫೈನಲ್. ಮಾಂಸದ ಚಿಲಿ ಸಾರು, ಮೇಲೆ ರಾಶಿ ಚೀಸು, ಪಕ್ಕದ ಮನೆಯವರು, ಅವರ ಮಕ್ಕಳು. ಗುರುವಾರದ ಆಪರೇಷನ್ ಮಾತನ್ನು ಯಾರೂ ಎತ್ತಲಿಲ್ಲ. ಆಟದ ನಡುವಿನ ಬಿಡುವಿನಲ್ಲಿ ಮಕ್ಕಳು ಅವನನ್ನು ಸುತ್ತುಗಟ್ಟಿದವು, ಕಾಲು ಒದೆಸು, ಕಾಲು ಒದೆಸು ಎಂದು. ಅವನ ಹಳೇ ಆಟ. ಚಡ್ಡಿ ಮೇಲೆ ಸರಿಸಿ, ಐಸಿನಿಂದ ಎತ್ತಿದ ಸೋಡಾ ಡಬ್ಬಿಯನ್ನು ತೊಡೆಯ ಒಳಬದಿಗೆ ಒತ್ತಿದ. ಕಾಲು ಚಿಮ್ಮಿತು. ಬೂಟು ಸಮೇತ. ಮಕ್ಕಳು ಬಿದ್ದು ಬಿದ್ದು ನಕ್ಕವು. ಹೇಗೆ ಮಾಡಿದೆ ಎಂದು ಒಬ್ಬಳು ಕೇಳಿದಳು.

"ನಾನೆಲ್ಲಿ ಮಾಡ್ದೆ? ಅದು ನನ್ನ ಮಾತು ಕೇಳಲ್ಲ. ತಣ್ಣಗಾದ್ರೆ ಒದಿಯತ್ತೆ, ಅಷ್ಟೇ."

ನಾನೂ ನಕ್ಕೆ. ನಗುತ್ತಲೇ ಇದ್ದೆ. ಆಮೇಲೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ.

ತಣ್ಣಗೆ. ಒದ್ದೆ. ವೈಪ್ಸ್.

ಬಾಲದ ಬುಡದ ಕೆಳಗೆ ಮುಟ್ಟಿದರೆ ಇಲಿಯ ಹಿಂಗಾಲು ತಾನಾಗಿ ಹೆಜ್ಜೆ ಹಾಕುತ್ತದೆ. ಮಿದುಳಿಗೂ ಅದಕ್ಕೂ ಸಂಬಂಧವಿಲ್ಲ, ಪೆಟ್ಟಿನ ಕೆಳಗಿರುವ ಹುರಿಯೇ ಆಡಿಸುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ ವಾರ ತೋರಿಸುವ ತಮಾಷೆ ಇದು. ನಾನೇ ಎಷ್ಟು ಜನಕ್ಕೆ ತೋರಿಸಿಲ್ಲ! ಇದನ್ನು ನಡಿಗೆ ಅಂದ್ಕೊಂಡು ಮೋಸ ಹೋಗಬೇಡಿ ಎಂದು ಉಪದೇಶ ಬೇರೆ.

ಆ ವೈಪ್ಸ್ ಹಾಕಿದ ಜಾಗ ತಣ್ಣಗೆ ಚುರುಗುಡುತ್ತದೆ. ಕೆಂಪಾದ ಚರ್ಮಕ್ಕಂತೂ ಕೇಳುವುದೇ ಬೇಡ. ನಾಲ್ಕು ನಿಮಿಷ ಧಾರಾಳವಾಗಿ. ವೈಪ್ಸ್ ಖಾಲಿಯಾದ ದಿನವೇ ಹಸಿರು ಏಳು ನಡೆಯದೆ ಇದ್ದದ್ದು.

ಆಟ ಮುಗಿಯುವ ಮುಂಚೆ ಹೊರಟೆ. ತಲೆನೋವು ಎಂದೆ.

ಫೆಬ್ರವರಿ ೧೩, ಸೋಮವಾರ

ಮೊದಲು ಬೆರ್ನೀಸ್‌ಗೆ ಹೇಳಿದೆ. ಅವಳು ಕೋಟು ಬಿಚ್ಚಲೂ ಇಲ್ಲ. ತೊಟ್ಟಿ ಎಳೆ, ನೋಡೇಬಿಡೋಣ ಎಂದಳು.

ಹಸಿರು ಏಳು. ಒದ್ದೆಯಿದ್ದಂತೆಯೇ ಬಿಟ್ಟೆವು. ಎಳೆದುಕೊಂಡು ಹೋಯಿತು. ಎತ್ತಿ ಒರೆಸಿ ಬಿಟ್ಟೆವು. ನಡೆಯಿತು. ಇನ್ನೆರಡು ಒದ್ದೆ ಇಲಿ, ಅದೇ ಕಥೆ. ಇವೇ ಇಷ್ಟು ದಿನ ನಮ್ಮ ಹೆಮ್ಮೆಯ ಇಲಿಗಳು.

ಆಮೇಲೆ ಬೆರ್ನೀಸ್ ಏಳಲಾರದೆ ಎದ್ದು ಹೋಗಿ ಕೆಂಪು ಎರಡನ್ನು ತಂದಳು. ಅದು ಎಂದೂ ಒಸರಿಲ್ಲ. ನಾನು ಎಂದೂ ಒರೆಸಿಲ್ಲ. ಅಕ್ಟೋಬರಿನಿಂದ ಒಂದು ಹೆಜ್ಜೆ ಹಾಕಿಲ್ಲ. "ಒರೆಸು" ಎಂದಳು. ಒರೆಸಿದೆ.

ಕೆಂಪು ಎರಡು ಎದ್ದು ತೊಟ್ಟಿಯ ಅಂಚಿನವರೆಗೂ ನಡೆದುಹೋಯಿತು.

ಇಬ್ಬರೂ ಅಂಕ ಬರೆಯಲಿಲ್ಲ. ಬೆರ್ನೀಸ್ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ನಿನ್ನ ಮನಸ್ಸು ಮೆತ್ತಗೆ ಕಣೇ ಜೋಲೀನ್. ಬೇರೆ ಯಾರಾಗಿದ್ರೂ ಒದ್ದೆ ಇಲೀನ ಹಾಗೇ ಬಿಡ್ತಿದ್ರು. ನಾನೂ ಬಿಡ್ತಿದ್ದೆ."

ಸಮಾಧಾನಕ್ಕೆ ಹೇಳಿದ್ದು. ಹೋದ ವರ್ಷದ ಇಲಿಗಳನ್ನೂ ಒರೆಸಿದ್ದು ನಾನೇ. ಆ ಅಂಕಗಳ ಮೇಲೇ ಗುರುವಾರ ನಿಂತಿದೆ.

ಫೆಬ್ರವರಿ ೧೪, ಮಂಗಳವಾರ

ಹಾಲ್ವರ್ಸನ್ ಎದುರು ಒಂದು ಗಂಟೆ. ಲ್ಯಾಬು ಅವರದು, ಮದ್ದೂ ಅವರದೇ, ಹನ್ನೆರಡು ವರ್ಷದ ದುಡಿಮೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಪೂರ್ತಿ ಕೇಳಿದರು. ಯಾವುದು ಒಸರುತ್ತದೆ, ಯಾವುದು ಇಲ್ಲ ಎಂದು ಎರಡು ಸಲ ಕೇಳಿದರು. ಮುಖ ಬಿಳಿಚಿತು. ಮದ್ದು ಮೂತ್ರಕೋಶವನ್ನು ಸಡಿಲ ಮಾಡಿದರೂ ಮಾಡಿರಬಹುದು ಎಂದರು, ತಮಗೆ ತಾವೇ ಎಂಬಂತೆ. ಹಾಗಿದ್ದರೆ ಮದ್ದು ಬಿದ್ದವೇ ಒದ್ದೆಯಾದವು, ಒದ್ದೆಯಾದವನ್ನೇ ನಾನು ಒರೆಸಿದೆ, ಒರೆಸಿದ್ದೇ ನಡೆಯಿತು. ಮದ್ದು ಗೆದ್ದಿತು.

ಕ್ಲಿನಿಕ್ಕಿಗೆ ಈಗಲೇ ಫೋನ್ ಮಾಡಿ ಎಂದೆ.

"ನಾಲ್ಕು ಇಲಿ, ಒಂದು ದಿನ. ಇದನ್ನ ಸಾಕ್ಷಿ ಅಂತಾರಾ? ನೀವೇ ಎಲ್ಲರಿಗೂ ಹೇಳಿಕೊಡೋ ಪಾಠ ಇದು. ಒಂದು ವಾರ ಕೊಡಿ. ಎಲ್ಲಾ ಇಲೀನೂ ಒರೆಸದೆ ನೋಡೋಣ."

ಗುರುವಾರ ಒಂದು ವಾರ ಕಾಯುವುದಿಲ್ಲ ಡಾಕ್ಟ್ರೇ ಎಂದೆ.

ಕಿಟಕಿಯ ಕಡೆ ತಿರುಗಿದರು. "ನಿಮ್ಮ ಲೆಕ್ಕ ತಪ್ಪಾಗಿದ್ರೆ? ಆ ರೋಗಿಗಳಿಗಿರೋ ಒಂದೇ ದಾರಿ ಮುಚ್ಚಿದವರು ನೀವಾಗ್ತೀರಿ. ಅದನ್ನ ಹೊತ್ಕೊಂಡು ಬದುಕಕ್ಕಾಗತ್ತಾ?"

ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಬಾಗಿಲು ದಬ್ಬಿಕೊಂಡು ಬರುತ್ತಿದ್ದೆ. ಈಗ ಆ ಪ್ರಶ್ನೆಯನ್ನು ಕಟ್ಟಿಕೊಂಡು ಬಂದೆ. ವೆಂಡೆಲ್ ಇವತ್ತು ಸಂಜೆಯೇ ಕ್ಲಿನಿಕ್ ಸೇರಿದ್ದಾನೆ. ಫೋನ್ ಮಾಡಿದೆ. ಅವನು ಹಲೋ ಎನ್ನುತ್ತಲೇ ಕಟ್ ಮಾಡಿದೆ. ಇದು ಫೋನಿನಲ್ಲಿ ಆಡುವ ಮಾತಲ್ಲ.

ಫೆಬ್ರವರಿ ೧೫, ಬುಧವಾರ. ಮಧ್ಯಾಹ್ನ, ಕ್ಲಿನಿಕ್ಕಿನ ಕಾರ್ ಪಾರ್ಕಿಂಗ್

ಬೆರ್ನೀಸ್ ಬೆಳಗ್ಗೆ ನನ್ನ ಪಾಲಿನ ಹಿಂಡುವ ಕೆಲಸವನ್ನೂ ತಾನೇ ಮಾಡುತ್ತೇನೆಂದಳು. ಎಲ್ಲಿಗೆ ಎಂದು ಕೇಳಲಿಲ್ಲ. ರಸ್ತೆಯುದ್ದಕ್ಕೂ ಉಪ್ಪು ಚೆಲ್ಲುವ ಲಾರಿಯ ಹಿಂದೆ. ಸೇತುವೆ ದಾಟುವಾಗ ವಾಪಸ್ ತಿರುಗಿಸಿಬಿಡೋಣ ಅನ್ನಿಸಿತು.

ಒಳಗೆ ಹೋದಾಗ ಹಾಸಿಗೆಯಲ್ಲಿದ್ದ, ಆಸ್ಪತ್ರೆಯ ಅಂಗಿ, ಮಡಿಲ ಮೇಲೆ ಊಟದ ಟ್ರೇ, ಟ್ರೇ ಮೇಲೆ ಇಸ್ಪೀಟು. ನನ್ನನ್ನು ನೋಡಿ ಎಲೆ ಹಂಚಲು ಶುರುಮಾಡಿದ. ಬೆರಳು ಸೆಟೆದುಕೊಂಡಿರುತ್ತವೆ, ಅಂಗೈಯಲ್ಲೇ ತಳ್ಳಿ ಹಂಚುತ್ತಾನೆ. ಮೂರು ವರ್ಷದಲ್ಲಿ ಕಲಿತದ್ದು. ಅದನ್ನು ನೋಡುತ್ತ ಹೇಳಿದೆ. ಒದ್ದೆ, ವೈಪ್ಸ್, ಸೋಡಾ ಡಬ್ಬಿ, ಕೆಂಪು ಎರಡು. ಎಲ್ಲ.

ಹಂಚುವುದು ನಿಂತಿತು.

"ಹಾಗಾದ್ರೆ ಅವತ್ತು ಯಾಕೆ ತಲೆ ಆಡಿಸ್ದೆ?"

"ನಡೆಯೋದನ್ನ ನೋಡಿದ್ದೆ."

"ನೋಡಿದ್ದು ನಿಜಾನಾ ಸುಳ್ಳಾ ಜೋ?"

"ನೋಡಿದ್ದು ನಿಜ. ಅದು ನಡಿಗೆ ಆಗಿರ್ಲಿಲ್ಲ."

ಬೈಯುತ್ತಾನೆ ಎಂದು ಕಾದೆ. ಬೈಯಲಿಲ್ಲ. ಕ್ರಿಸ್‌ಮಸ್ಸಿನಿಂದ ದಿನಾ ಬೆಳಗ್ಗೆ ಬೂಟು ಹಾಕಿಕೊಳ್ಳುತ್ತಿದ್ದನಂತೆ, ಒಬ್ಬನೇ. ಒಂದೊಂದು ಲೇಸಿಗೆ ಎಷ್ಟು ಹೊತ್ತಾಗುತ್ತದೆ ಎಂದು ಹೇಳಿದ. ಕಾಲು ಬಂದ ದಿನ ಬೂಟಿನ ಅಭ್ಯಾಸ ಇರಲಿ ಎಂದು. ಇದನ್ನು ಬೇರೆ ಯಾರದೋ ಸುದ್ದಿಯೆಂಬಂತೆ ಹೇಳಿದ. ಆಮೇಲೆ ಕೇಳಿದ, ನನ್ನ ಜಾಗದಲ್ಲಿ ನೀನಿದ್ದರೆ? ನನ್ನ ಕೈಯನ್ನು ಆ ಸೂಜಿಗೆ ಕೊಡುವುದಿಲ್ಲ ಎಂದೆ. ನನಗೆ ಹಾಗೆ ಹೇಳುವ ಹಕ್ಕಿದೆಯೋ ಇಲ್ಲವೋ. ಹೇಳಿದೆ.

ನರ್ಸನ್ನು ಕರೆಯುವ ಗುಂಡಿಯನ್ನು ಗೆಣ್ಣಿನಿಂದ ತಾನೇ ಒತ್ತಿದ. ನನಗೆ ಇದು ಬೇಡ, ಬಟ್ಟೆ ಕೊಡಿ ಎಂದ. ಅವಳು ಯಾರಿಗೋ ಹೇಳಲು ಓಡಿದಳು. ಅವನು ಮಂಚದ ಪಕ್ಕದ ಚೀಲದ ಕಡೆ ಗಲ್ಲದಿಂದಲೇ ಸನ್ನೆ ಮಾಡಿದ. ಬೂಟು ಅದರಲ್ಲಿತ್ತು.

"ಅದನ್ನ ತಗೊಂಡ್ಹೋಗು. ಅಂಗಡೀಲಿ ವಾಪಸ್ ತಗೋತಾರಾ ಕೇಳು."

ವ್ಯಾನ್ ತಾನೇ ಓಡಿಸಿಕೊಂಡು ಹೋದ. ನಾನು ಇಲ್ಲಿ ಕೂತು ಬರೆಯುತ್ತಿದ್ದೇನೆ. ಬೂಟು ಪಕ್ಕದ ಸೀಟಿನಲ್ಲಿ. ಅಳು ಬಂದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ ೧೬, ಗುರುವಾರ

ಹಾಲ್ವರ್ಸನ್ ಕರೆದರು. ಕೆಲಸ ಹೋಯಿತು ಎಂದುಕೊಂಡೇ ಹೋದೆ. ನಿನ್ನೆ ಅವರೇ ತೊಟ್ಟಿಯ ಬಳಿ ಕೂತಿದ್ದರಂತೆ, ಬೆರ್ನೀಸ್ ಜೊತೆ, ಸಂಜೆಯವರೆಗೆ. ಒರೆಸದ ಒಂದು ಇಲಿಯೂ ಏಳಲಿಲ್ಲ. ಸಂಜೆಯೇ ಕ್ಲಿನಿಕ್ಕಿಗೆ ಫೋನ್ ಮಾಡಿದರಂತೆ. ಎಲ್ಲರ ಆಪರೇಷನ್ನೂ ನಿಲ್ಲಿಸಿದ್ದಾರೆ. ಹೊಸ ತಂಡದ ಇಲಿಗಳಲ್ಲಿ ಮೊದಲಿಂದ ನೋಡಬೇಕು. ಹಿಂಡುವವರು ಬೇರೆ, ಅಂಕ ಹಾಕುವವರು ಬೇರೆ. ತೊಟ್ಟಿಯ ಕೋಣೆಯೊಳಕ್ಕೆ ವೈಪ್ಸ್ ತರುವಂತಿಲ್ಲ.

ನೀವು ಅಂಕಕ್ಕೇ ಇರಿ ಎಂದರು. ಯಾಕೆ ಎಂದು ಕೇಳಲಿಲ್ಲ. ಹೊರಡುವಾಗ, ತಮ್ಮ ಹೇಗಿದ್ದಾರೆ ಎಂದರು. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ.

ಮಾರ್ಚ್ ೧೯, ಭಾನುವಾರ

ಒಂದು ತಿಂಗಳಾಯಿತು ವೆಂಡೆಲ್ ಮಾತಾಡಿ. ಬರೆಯಲೂ ಏನಿರಲಿಲ್ಲ. ಹೊಸ ಇಲಿಗಳು ಎಳೆದುಕೊಂಡು ಹೋಗುತ್ತವೆ. ಸೊನ್ನೆ, ಒಂದು, ಎರಡು. ಬೆರ್ನೀಸ್ ಮುಖ ಕಲ್ಲು, ಲಿಫ್ಟಿನಲ್ಲೂ.

ಇವತ್ತು ಕರೆಯದೆಯೇ ಅವನ ವ್ಯಾನ್ ಬಂದು ಮನೆ ಮುಂದೆ ನಿಂತಿತು. ಹಾರ್ನ್. ಇಳಿಯಲಿಲ್ಲ, ಗಾಜು ಇಳಿಸಿದ. ಅವನಂತೆ ಕಾದಿದ್ದವರು ಇನ್ನೂ ಇದ್ದಾರಲ್ಲ, ಕಂಪ್ಯೂಟರಿನಲ್ಲಿ ಮಾತಾಡಿಕೊಳ್ಳುತ್ತಾರೆ. ಅವರಲ್ಲಿ ಕೆಲವರು, ಎಲ್ಲ ಕೆಡಿಸಿದ್ದು ನಿನ್ನಕ್ಕನೇ ಎಂದು ಬರೆದರಂತೆ. ಇವನು ಅವರಿಗೆ ಏನು ಬರೆದನೋ ಹೇಳಲಿಲ್ಲ. ಮೂಗಿನ ತುದಿ ಕೆಂಪಾಗಿತ್ತು.

"ಇನ್ಮೇಲೆ ನನ್ನ ಮುಂದೆ ತಲೆ ಆಡಿಸ್ಬೇಡ. ಒರೆಸದ ಇಲಿ ನಡೆದ್ರೆ ಮಾತ್ರ ಹೇಳು. ಅದೂ ಒಂದಿನದ್ದಲ್ಲ. ಬಿಡದೆ ನಡೀಬೇಕು. ಅಲ್ಲೀವರೆಗೂ ನಾನು ಕೇಳಿದ್ರೂ ಹೇಳ್ಬೇಡ."

ಆಯಿತು ಎಂದೆ. ಬಾಯಿಬಿಟ್ಟು, ತಲೆ ಆಡಿಸದೆ.

ಬೂಟು ಇನ್ನೂ ಡಿಕ್ಕಿಯಲ್ಲಿದೆ. ಅವನಿಗೆ ಗೊತ್ತಿಲ್ಲ.

ಏಪ್ರಿಲ್ ೭, ಗುಡ್ ಫ್ರೈಡೇ

ಮಧ್ಯಾಹ್ನ ತೊಟ್ಟಿ. ಹಳದಿ ನಾಲ್ಕು. ಪಕ್ಕದ ಕೋಣೆಯವರು ಬೆಳಗ್ಗೆಯೇ ಹಿಂಡಿ ಕಳಿಸಿದ್ದು. ಎತ್ತಿಕೊಂಡಾಗ ನೋಡಿದೆ, ಈಗ ಅದೇ ಅಭ್ಯಾಸ, ಮುಟ್ಟದೆ ನೋಡುವುದು. ಒದ್ದೆಯಿಲ್ಲ. ಕೆಂಪಿಲ್ಲ. ಬಿಟ್ಟೆ.

ಮೊದಲು ಎಳೆದುಕೊಂಡೇ ಹೋಯಿತು. ನಾನು ಪೆನ್ನು ಆಗಲೇ ಒಂದರ ಅಂಕದ ಮೇಲಿಟ್ಟಿದ್ದೆ. ಅಂಚಿನ ಹತ್ತಿರ ನಿಂತಿತು. ಎಡ ಅಂಗಾಲು ಮಗುಚಿಕೊಂಡಿತ್ತಲ್ಲ, ಅದು ತಿರುಗಿತು. ಊರಿತು. ಸೊಂಟ ಮೇಲೆದ್ದಿತು. ಒಂದು ಹೆಜ್ಜೆ. ಬಿತ್ತು. ಮತ್ತೆ ಎದ್ದು ಇನ್ನೊಂದು.

ಬೆರ್ನೀಸ್ ಕಡೆ ನೋಡಲಿಲ್ಲ. ಬರೆದೆ. ಅವಳೂ ಬರೆದಳು. ಹಾಳೆ ತಿರುಗಿಸಿದೆವು. ಇಬ್ಬರದೂ ಒಂಬತ್ತು. ಅವಳು ಎದ್ದು, ಇಲಿಯನ್ನು ಎತ್ತಿ ಬೆಳಕಿಗೆ ಹಿಡಿದು ಹಿಂಭಾಗವನ್ನೆಲ್ಲ ನೋಡಿದಳು. ಒಣಗಿದೆ ಎಂದಳು. ಲಿಫ್ಟಿನಲ್ಲಿ ನನ್ನ ಕೈ ಹಿಡಿದುಕೊಂಡಿದ್ದಳು.

ಮದ್ದಿನದೋ ಉಪ್ಪುನೀರಿನದೋ ಗೊತ್ತಿಲ್ಲ. ಕೆಲವು ತಾವಾಗಿಯೇ ಸ್ವಲ್ಪ ಸುಧಾರಿಸುವುದುಂಟು. ಒಂದೇ ಇಲಿ. ಒಂದೇ ದಿನ. ಇದನ್ನು ಸಾಕ್ಷಿ ಎನ್ನುತ್ತಾರಾ? ಎನ್ನುವುದಿಲ್ಲ. ನಾಳೆ ಮತ್ತೆ ನೋಡಬೇಕು. ನಾಡಿದ್ದು ಕೂಡ.

ಈಗ ತಾನೇ ವೆಂಡೆಲ್ ಫೋನ್ ಮಾಡಿದ್ದ. ಈಸ್ಟರ್‌ಗೆ ಹ್ಯಾಮ್ ತಾನು ತರುತ್ತೇನೆ, ಆಲೂಗಡ್ಡೆ ನಿನ್ನದು ಎಂದ. ಸರಿ ಎಂದೆ. ವ್ಯಾನಿನ ಹೀಟರ್ ಕೆಟ್ಟಿದೆಯಂತೆ. ಹೂಂ ಎಂದೆ. ನನ್ನ ದನಿ ಹೇಗಿತ್ತೋ. ಹೀಟರಿನ ಮಾತು ಬಿಟ್ಟ. ಆಮೇಲೆ ಕೇಳಿದ, "ಏನಾಯ್ತು ಜೋ? ಇವತ್ತು ಏನಾದ್ರೂ ನೋಡಿದ್ಯಾ?"

ತಲೆಯಾಡಿಸಿದೆ. ಫೋನಿನಲ್ಲಿ ಅದು ಕಾಣುವುದಿಲ್ಲ, ಪುಣ್ಯ. ಅವನು ಕಾಯುತ್ತಲೇ ಇದ್ದ. ಉಸಿರು ಕೇಳಿಸುತ್ತಿತ್ತು. ನಾನು ಆಲೂಗಡ್ಡೆ ಎಷ್ಟು ಬೇಕು ಎಂದು ಕೇಳಿದೆ.